ಲಂಗರು ಹಾಕಿದ ಮೇಲೆ

ಬೈತಕೋಲ್ ಧಕ್ಕೆಯ ತುದಿ. ರಾತ್ರಿ ಒಂಬತ್ತೂ ಮುಕ್ಕಾಲು.
ಟ್ರೈಪಾಡಿನ ಮೂರೂ ಕಾಲು ಕಲ್ಲಿಗೆ ಊರಿ
ನಡುವಿನ ಕೊಕ್ಕೆಗೆ ಬಲೆಯ ಸೀಸದ ಗುಂಡು ಕಟ್ಟಿ
ಉಸಿರು ಬಿಗಿಹಿಡಿದು ತೆಗೆದೆ:
ದೇವಗಡದ ದೀಪ,
ಎಲೆ ತಿಂದವರು ಕಂಬಕ್ಕೆ ಒರೆಸಿದ ಸುಣ್ಣದ ಹಾಗೆ.

ಇನ್ನೊಂದು. ಅದೂ ಸುಣ್ಣವೇ.
ಗಾಳಿ ಇಲ್ಲ. ಲಾರಿ ಇಲ್ಲ. ಐಸ್ ಫ್ಯಾಕ್ಟರಿಯೂ ಮಲಗಿದೆ.
ಮದುವೆಮನೆಯ ನೂಕುನುಗ್ಗಲಲ್ಲಿ
ಧಾರೆಯ ನೀರನ್ನು ಹನಿಹನಿಯಾಗಿ ಹಿಡಿದುಕೊಟ್ಟ ಲೆನ್ಸು
(ಇನ್ನೂ ಎಂಟು ಕಂತು ಬಾಕಿ ಇದೆ ಇದರದ್ದು)
ಕಲ್ಲಿನ ಮೇಲೆ ನಿಂತು ನಡುಗುವುದೇ?

ಹಗ್ಗದ ಸುರುಳಿಯ ಮೇಲೆ ಬೀಡಿ ಎಳೆಯುತ್ತಿದ್ದ
ರೋಹಿದಾಸ ಬಾನಾವಳಿ, ತಾಂಡೇಲ,
ಹನ್ನೆರಡು ದಿನದ ಮೇಲೆ ಆ ಸಂಜೆಯಷ್ಟೇ ದಡ ಹತ್ತಿದವ,
ಕಿವಿ ತಂದು ಕ್ಯಾಮೆರಾಕ್ಕೆ ಹಚ್ಚಿದ.
"ಲಂಗರು ಹಾಕೀರಿ.
ಇಂಜಿನ್ ಬಂದ್ ಮಾಡಲಿಲ್ಲ."

ಹೌದು. ಒಳಗೆ
ಬಾಟಲಿಯಲ್ಲಿ ಸಿಕ್ಕ ಜೀರುಂಡೆಯಷ್ಟು ಸದ್ದು.
ಒಂದೂವರೆ ವರ್ಷ ನನ್ನ ಕೈನಡುಕ ತಿಂದು ಬದುಕಿದ್ದು
ಇವತ್ತು ಉಣ್ಣಲು ಏನೂ ಸಿಗದೆ
ಕತ್ತಲಲ್ಲಿ ತಡಕಾಡಿ
ಇಲ್ಲದ ಅಲೆಗೆ ಎದುರು ವಾಲಿ
ವಾಲಿದ್ದು ತಪ್ಪಾಯಿತೆಂದು ಮತ್ತೆ ಇತ್ತ ವಾಲಿ.

ಬದಿಯ ಸ್ವಿಚ್ಚನ್ನು ಉಗುರಿನಿಂದ ಕೆಳಗೆ ಸರಿಸಿದೆ. ಟಕ್.

"ಆಯ್ತಲ್ಲ" ಅಂದವ ಏಳಲು ಹೋಗಿ
ಗಬಕ್ಕನೆ ಕಂಬ ಹಿಡಿದ.
"ಕುಡಿದಿಲ್ಲ ಮಾರಾಯ್ರೆ.
ನೆಲದ ಮೇಲೆ ಮೊದಲ ಎರಡು ರಾತ್ರಿ ಹೀಗೇ.
ಬೋಟಿನಲ್ಲಿ ತುಂಬಿದ ಚಾ ಲೋಟ ಹಿಡಿದು
ಈ ತುದಿಯಿಂದ ಆ ತುದಿಗೆ ಹೋಗ್ತೆ, ಹನಿ ಚೆಲ್ಲೂದಿಲ್ಲ.
ಮನೆಯಲ್ಲಿ ಹೆಂಡತಿ
ಅರ್ಧ ಲೋಟವೇ ಕೊಡೂದು."

ಅಲ್ಲೇ ನಿಲ್ಲಿ, ಒಂದು ಫೋಟೋ, ಎಂದೆ.
ಮೂವತ್ತು ಸೆಕೆಂಡು. ಅಲ್ಲಾಡಬೇಡಿ.
ಕಂಬ ಬಿಟ್ಟ. ಅಂಗಿಯ ಗುಂಡಿ ಹಾಕಿಕೊಂಡ.
ನಾನು ಎಣಿಸಿದೆ. ಅವನೂ ಎಣಿಸಿದ, ಕೊಂಕಣಿಯಲ್ಲಿ.

ಚಿತ್ರದಲ್ಲಿ ದೀಪ ಸೂಜಿಯ ಮೊನೆ.
ಕಲ್ಲುಸಂದಿಯಲ್ಲಿ ಒಣಗಿದ ಸಿಗಡಿಯ ಮೀಸೆ ಕೂಡ ಕಾಣುತ್ತದೆ.
ಹಿಂದೆ ಸಾಲಾಗಿ ಕಟ್ಟಿದ ಬೋಟುಗಳು ಮಾತ್ರ ಮಬ್ಬು,
ನೀರು ಎತ್ತಿ ಇಳಿಸಿದಷ್ಟು.
ಅವುಗಳ ಮುಂದೆ ಅವನೂ
ಅಷ್ಟೇ ಮಬ್ಬು, ಅದೇ ದಿಕ್ಕಿಗೆ.

"ಚಲೋ ಬಂತಾ?"

ಅಳಿಸಲು ಹೋಗಿದ್ದ ಬೆರಳು ತೆಗೆದು
ಬಂತು, ಎಂದೆ.