ತೋಳದ ಸ್ವರ

ಜೂನ್ ಮೊದಲ ವಾರ, ಶಾಲೆ ತೆರೆಯುವ ಮುಂಚೆ
ರಿಚ್ಮಂಡ್ ಟೌನಿನ ನಮ್ಮ ಮ್ಯೂಸಿಕ್ ರೂಮಿಗೆ
ಅರಿಯನಾಯಗಂ ಬರುತ್ತಿದ್ದರು, ಸೈಕಲ್ಲಿಗೆ ಚರ್ಮದ ಚೀಲ ಕಟ್ಟಿ.
ನಾನು ಅಟೆಂಡರ್. ಪಿಯಾನೋದ ಹೊಟ್ಟೆ ಬಿಚ್ಚಿದರೆ
ಟಾರ್ಚು ಹಿಡಿಯುವುದು ನನ್ನ ಕೆಲಸ.
ಒಳಗೆ ಜಿರಲೆ, ಪೆನ್ಸಿಲ್ ತುಂಡು, ಯಾವುದೋ ಹುಡುಗಿಯ ಹೇರ್‌ಪಿನ್ನು,
ಇನ್ನೂರು ಚಿಲ್ಲರೆ ತಂತಿ.
"ಇಡಿ, ಲಿಂಗಣ್ಣ," ಅಂದರು ಮೊದಲ ವರ್ಷ.
ನಾನು ಟಾರ್ಚು ಕೆಳಗಿಟ್ಟೆ. ಬೈಸಿಕೊಂಡೆ.
ಆಮೇಲೆ ಅದೇ ನಮ್ಮಿಬ್ಬರ ತಮಾಷೆ.

ಎರಡು ಕೀಲಿ ಒಟ್ಟಿಗೆ ಒತ್ತುವರು:
"ಕೇಳು, ಈ ಜೋಡಿ ಈಗ ಶುದ್ಧ. ಕೂದಲೆಳೆ ಅಲುಗದು.
ಇಂಗೇ ಒಂದೊಂದನ್ನೂ ಶುದ್ಧ ಮಾಡ್ತಾ ಓದರೆ
ಕೊನೇ ಜೋಡೀಲಿ ತೋಳ ಕೂಗತ್ತೆ."
ಒತ್ತಿ ತೋರಿಸಿದರು. ನಿಜಕ್ಕೂ ಊಳಿಟ್ಟಿತು.
ವರಾಂಡದ ನಾಯಿ ಎದ್ದು ಕೂತಿತು.
"ಅದಕ್ಕೇ ಎಲ್ಲರನ್ನೂ ಒಂಚೂರು ತಪ್ಪಿಸಬೇಕು,
ಯಾರಿಗೂ ಗೊತ್ತಾಗದಷ್ಟು.
ನಮ್ಮ ದ್ವೀಪದಲ್ಲಿ ಇದು ತಿಳಿದವರು
ಪಿಯಾನೋ ರಿಪೇರಿ ಮಾಡ್ತಿದ್ದರು, ಪಾರ್ಲಿಮೆಂಟಿಗೆ ಓಗಲಿಲ್ಲ."

ಕೊಲಂಬೊ, ಮರದಾನ, ಅಂಗಡಿಯ ಪಾಲುದಾರ ಗುಣತಿಲಕ.
ಸಂಜೆ ಶಟರ್ ಎಳೆದು ಬೈಲಾ:
ಪೋರ್ಚುಗೀಸರು ಬಿಟ್ಟುಹೋದ ಕುಣಿತ,
ಆಫ್ರಿಕದಿಂದ ಹಿಡಿದು ತಂದವರ ತಾಳ,
ಸಿಂಹಳದ ಪೋಲಿ ಮಾತು, ಮ್ಯಾಂಡೊಲಿನ್ ಅವನದು,
ಮೇಜಿನ ಮೇಲೆ ಕುಟ್ಟುವ ಬೆರಳು ಇವರದು.
"ಎಲ್ಲರ ಎಂಜಲಪ್ಪಾ ಅದು. ಅದಕ್ಕೇ ಅಷ್ಟು ರುಚಿ."

ಎಂಬತ್ಮೂರರ ಜುಲೈ. ಬಸ್ಸು ನಿಲ್ಲಿಸಿ
ಬಕೆಟ್ಟು ತೋರಿಸಿ, ಇದಕ್ಕೇನಂತಾರೆ ಹೇಳು, ಅಂದರಂತೆ.
ಬಾಲ್ದಿಯ.
ತಮಿಳು ನಾಲಿಗೆ ಜಾರಿ ವಾಲ್ದಿಯ ಅಂದರೆ ಮುಗಿಯಿತು.
ಇವರದು ತಂತಿ ಕೇಳಿದ ಕಿವಿ, ಬ ಸರಿಯಾಗಿ ಬಿತ್ತು.
ಹಿಂದಿನ ಸೀಟಿನ ಮುದುಕನಿಗೆ ಬೀಳಲಿಲ್ಲ.
ಮೂರು ರಾತ್ರಿ ಗುಣತಿಲಕನ ಹಿತ್ತಲಲ್ಲಿ
ಜರ್ಮನ್ ಪಿಯಾನೋ ಬಂದಿದ್ದ ಪೆಟ್ಟಿಗೆಯೊಳಗೆ ಇವರು,
ಮೇಲೆ ಕೂತು ಅವನು, ಕುಡಿದವನ ಹಾಗೆ ಮ್ಯಾಂಡೊಲಿನ್ ಮೀಟುತ್ತಾ.
ಗೋಡೆಯಾಚೆ ಅಂಗಡಿ ಉರಿಯಿತು.
ಹರಿದ ಒಂದೊಂದು ತಂತಿ ಯಾವ ಸ್ವರವೆಂದು
ಇವತ್ತಿಗೂ ಹೇಳಬಲ್ಲೆ ಎನ್ನುತ್ತಿದ್ದರು. ಹೇಳುತ್ತಿರಲಿಲ್ಲ.

ತೊಂಬತ್ತೊಂದರ ಡಿಸೆಂಬರ್, ಹೊಳೆಯ ನೀರಿನ ಜಗಳ.
ಮಾಗಡಿ ರಸ್ತೆಯ ಕಡೆ ಹೊಗೆ.
ನಮ್ಮ ಬೀದಿ ತಿರುವಿನಲ್ಲಿ ಯಾರನ್ನೋ ನಿಲ್ಲಿಸಿ
"ಹಳೇ ಹುಣಸೆಹಣ್ಣು ಅನ್ನು ನೋಡೋಣ" ಎನ್ನುತ್ತಿದ್ದರು.
ಗುಂಪಿನಲ್ಲಿ ನನ್ನ ತಮ್ಮನಿದ್ದ.
ನಾನು ಬಾಗಿಲ ಸಂದಿಯಲ್ಲಿದ್ದೆ.
ಅರಿಯನಾಯಗಂ ಜೋಗುಪಾಳ್ಯದಲ್ಲಿ ಒಬ್ಬರೇ ಇದ್ದಾರೆಂದು ಗೊತ್ತಿತ್ತು.
ಹಲಸೂರಿಗೆ ಬಸ್ಸಿರಲಿಲ್ಲ. ಅದು ನಿಜ.
ಕಾಲಿತ್ತು.

ಜೂನಿನಲ್ಲಿ ಬಂದರು. ಸೈಕಲ್ ಇರಲಿಲ್ಲ. ಚೀಲ ಹೊಸದು.
ನಾನು ಕೇಳಲಿಲ್ಲ.
ಮುಚ್ಚಳ ತೆಗೆದು, ಧೂಳು ಊದಿ, ನನ್ನತ್ತ ನೋಡದೆ
"ಹಿಡಿ" ಅಂದರು.
ತುಂಬಿದ ಉಸಿರಿನ ಹ, ಕೂದಲೆಳೆ ಅಲುಗದ ಹ.
ಆ ಕಿವಿಗೆ ಅದು ಯಾವತ್ತು ಬಾರದೇ ಇತ್ತು?
ಏಳೆಂಟು ವರ್ಷ ನನ್ನ ಜೊತೆ
ಒಂಚೂರು ತಪ್ಪಿಸಿ ಮಾತಾಡುತ್ತಿದ್ದರು.

ಟಾರ್ಚು ಕೆಳಗಿಟ್ಟೆ.
ಅವರು ಬೈಯಲಿಲ್ಲ.