ಹದಿನೇಳನೆಯ ಕಿಂಡಿ

ಪುಂಟಾ ಅರೆನಾಸಿನಲ್ಲಿ ಗಾಳಿ ಜೋರಾದ ದಿನ
ಬೀದಿಯುದ್ದಕ್ಕೂ ಹಗ್ಗ ಕಟ್ಟುತ್ತಾರೆ,
ನಡೆಯುವವರು ಹಿಡಿದುಕೊಳ್ಳಲಿ ಎಂದು.
ಆ ಹಗ್ಗ ಹಿಡಿದೇ ನಾನು ಮೊದಲ ದಿನ ಕೆಲಸಕ್ಕೆ ಹೋದದ್ದು.
ದ್ರಿನಾ ಕುಸಾನೊವಿಚ್ ತಲೆಯೆತ್ತದೆ ಕೇಳಿದರು:
'ಏಡಿ ಗೊತ್ತೆ? ಉಣ್ಣೆ ಗೊತ್ತೆ?'
ಗೊತ್ತು, ಆದರೆ ನಾನು ಬಂದದ್ದು ನೆಟ್‌ವರ್ಕಿಗೆ, ಅಂದೆ.
'ಅದನ್ನೇ ಕೇಳಿದ್ದು.'

ಗೋಡೆಯ ಮೇಲೆ ಅವರೇ ಬರೆದ ನಕ್ಷೆ:
ಇಲ್ಲಿ ಕಚೇರಿ; ಜಲಸಂಧಿಯ ಆಚೆ ಪೊರ್ವೆನೀರ್,
ಏಡಿಯ ಶೀತಲಗೃಹ; ಬಡಗಲಿಗೆ ನತಾಲೆಸ್, ಉಣ್ಣೆಯ ಉಗ್ರಾಣ;
ತೆಂಕಣ ಕೊನೆಗೆ ವಿಲಿಯಮ್ಸ್, ಒಂದು ತಕ್ಕಡಿ, ಒಬ್ಬ ಗುಮಾಸ್ತ,
ಉಪಗ್ರಹದ ಕೊಂಡಿ, ಹಿಮ ಸುರಿದರೆ ಅದೂ ಅನುಮಾನ.
ಪ್ರತಿ ಗೆರೆಯ ಪಕ್ಕ ಒಂದು ಚುಕ್ಕೆಗೆರೆ:
ಇದು ಹೋದರೆ ಅದು.
ಅದೂ ಹೋದರೆ, ಪೆನ್ಸಿಲಿನಲ್ಲಿ,
'ಎವರಿಸ್ತೊ ದೋಣಿ ಹತ್ತಬೇಕು.'
ಎವರಿಸ್ತೊ ಅಂದರೆ ನಾನು.
ಹಿಂದಿನವನ ಹೆಸರು ಉಜ್ಜಿದ ಗುರುತು
ಕೆಳಗೆ ಇನ್ನೂ ಇತ್ತು.

ವರ್ಷಕ್ಕೊಮ್ಮೆ ಲೆಕ್ಕದ ಸಭೆ.
ಯಜಮಾನರ ಅಳಿಯ ಕೇಳುತ್ತಾನೆ: 'ಹೋದ ವರ್ಷ ಏನಾಯಿತು?'
'ಏನೂ ಆಗಲಿಲ್ಲ.'
'ಏನೂ ಆಗದಿದ್ದಕ್ಕೆ ಇಷ್ಟು ಹಣವೆ?'
ದ್ರಿನಾ ವಾದಿಸುವುದಿಲ್ಲ.
ಗಾಳಿ ಗುದ್ದಿ ಮೈ ನೋಯಿಸಿಕೊಂಡವರನ್ನು
ಈ ಊರು ದಿನವೂ ನೋಡುತ್ತದೆ.

ಆ ಜುಲೈ, ಹಳೆಯ ಸ್ವಿಚ್ ಬದಲಿಸುವುದೆಂದಾಯಿತು.
ನಲವತ್ತೆಂಟು ಕಿಂಡಿ. ನಲವತ್ತೇಳಕ್ಕೆ ಚೀಟಿ ಅಂಟಿದೆ,
ಹದಿನೇಳಕ್ಕೆ ಇಲ್ಲ.
ಬೂದು ಕೇಬಲ್ಲು, ಉಳಿದವುಗಳ ಬೆನ್ನ ಹಿಂದೆ ಸರಿದು
ಗೋಡೆಯೊಳಗೆ ನುಸುಳುತ್ತದೆ. ಹಸಿರು ದೀಪ ಮಿಟುಕುತ್ತಿದೆ:
ಯಾರೋ ಯಾರಿಗೋ ಏನೋ ಹೇಳುತ್ತಿದ್ದಾರೆ, ಎಡೆಬಿಡದೆ, ಸಣ್ಣಗೆ.
ಅದನ್ನು ಎಳೆದಿದ್ದ ಬರ್ರಿಯಾ ನಿವೃತ್ತ, ಕಿವಿ ಮಂದ;
ಫೋನಿನಲ್ಲಿ ಏನು ಕೇಳಿದರೂ
'ಚೆನ್ನಾಗಿದ್ದೇನೆ, ಚೆನ್ನಾಗಿದ್ದೇನೆ' ಎಂದ.

'ಕಿತ್ತು ನೋಡು,' ಅಂದರು ದ್ರಿನಾ. 'ಬೇಕಾದವರು ಕೂಗುತ್ತಾರೆ.
ನಮ್ಮ ಕಸುಬಿನಲ್ಲಿ ಇದಕ್ಕಿಂತ ಹಳೆಯ ಪರೀಕ್ಷೆ ಇಲ್ಲ.'
ಕಿತ್ತೆ. ವಹಿಯಲ್ಲಿ ಬರೆದೆ: ಮಂಗಳವಾರ, ಹನ್ನೊಂದು ಹತ್ತು.
ಲೆಕ್ಕದವರು ಕೂಗಲಿಲ್ಲ. ತಕ್ಕಡಿ ಕೂಗಲಿಲ್ಲ.
ನತಾಲೆಸಿನ ಉಣ್ಣೆಗೆ ಬಾಯಿಲ್ಲ.
ಒಂಬತ್ತು ದಿನ.
'ವಾರಸುದಾರರಿಲ್ಲ, ತೆಗೆಯಬಹುದು' ಎಂದು ಸಹಿ ಹಾಕಿದೆ.

ಹತ್ತನೆಯ ದಿನ, ಹಲ್ಲು ಕೀಳಿಸಲು ದೋಣಿಯಲ್ಲಿ ಬಂದ
ಒತೀಲಿಯಾ ಕಾರ್ಕಾಮೊ, ಏಡಿಯ ಕಾಲು ಬಿಡಿಸುವಾಕೆ,
ದವಡೆಗೆ ಶಾಲು ಸುತ್ತಿಕೊಂಡು ನಮ್ಮ ಬಾಗಿಲಲ್ಲಿ ನಿಂತಳು.
ಬಾಯ ತುಂಬ ಹತ್ತಿ, ತೊದಲು ಮಾತು:
'ರೇಡಿಯೊ ಸತ್ತಿತೆ?'

ಯಾವ ರೇಡಿಯೊ?

ಶೀತಲಗೃಹದ ಮೂಲೆಯ ಡಬ್ಬಿ. ದಪ್ಪ ಗೋಡೆ,
ಹೊರಗಿನ ಅಲೆ ಒಳಗೆ ಬಾರದು.
ಬರ್ರಿಯಾ ನಮ್ಮ ಅಟ್ಟದಲ್ಲಿ ಒಂದು ರೇಡಿಯೊ ಇಟ್ಟು
ಅದರ ದನಿಯನ್ನು ಜಲಸಂಧಿ ದಾಟಿಸಿದ್ದನಂತೆ.
ಮಧ್ಯಾಹ್ನ ಒಂದಕ್ಕೆ ದೂರದ ಕುರಿದೊಡ್ಡಿಗಳ ಸಂದೇಶ ಓದುತ್ತಾರೆ:
ಇಂಥವನು ಶುಕ್ರವಾರ ಬರುವನು, ಕುದುರೆ ಕಳಿಸಿ.
ಇಂಥವಳಿಗೆ ಹೆಣ್ಣು ಮಗು, ಇಬ್ಬರೂ ಸೌಖ್ಯ.
ಮೂವತ್ತು ಹೆಂಗಸರು ಆಗ ಚಾಕು ಕೆಳಗಿಟ್ಟು ಕೇಳುತ್ತಾರೆ,
ಬೆರಳು ಕಂಕುಳಲ್ಲಿ ಕಾಯಿಸಿಕೊಳ್ಳುತ್ತ.

'ಒಂಬತ್ತು ದಿನ ಯಾಕೆ ಹೇಳಲಿಲ್ಲ?'
'ಯಾರಿಗೆ?' ಅಂದಳು.
ದೂರು ದಾಖಲಿಸಲು ಪಾಸ್‌ವರ್ಡ್ ಬೇಕು.
ಅವರಿಗೆ ಅದನ್ನು ನಾವು ಕೊಟ್ಟೇ ಇರಲಿಲ್ಲ.

ಆ ರಾತ್ರಿ ದ್ರಿನಾ ನಕ್ಷೆ ಕೆಳಗಿಳಿಸಿ
ಪುಟ್ಟ ಚೌಕವೊಂದನ್ನು ಬರೆದರು, ವಿಳಾಸ ಕೊಟ್ಟರು,
ಮರೆಯದೆ ಅದಕ್ಕೂ ಒಂದು ಚುಕ್ಕೆಗೆರೆ.

ಮುಂದಿನ ಸಭೆಯಲ್ಲಿ ಅಳಿಯ ಅದರ ಮೇಲೆಯೇ ಬೆರಳಿಟ್ಟ:
'ಇದೇನು?'
'ಉಷ್ಣಾಂಶ ನಿರ್ವಹಣೆ,' ಅಂದರು. 'ಶೀತಲಗೃಹದ್ದು.'
ಬೆರಳು ಕೆಳಗಿನ ಸಾಲಿಗೆ ಜಾರಿತು.
'ಸರಿ, ಹೋದ ವರ್ಷ ಏನಾಯಿತು?'

ನಾನು ವಹಿಯ ಆ ಒಂಬತ್ತು ದಿನಗಳ ಮೇಲೆ
ಅಂಗೈ ಮುಚ್ಚಿಕೊಂಡು ಕೂತಿದ್ದೆ.