ಗಂಟಲಲ್ಲಿ ಏನೂ ಇಲ್ಲ

ಗಂಟಲಲ್ಲಿ ಏನೂ ಇಲ್ಲ ಎಂದು ಬರೆದುಕೊಟ್ಟಿದ್ದರು
ದೊಡ್ಡಾಸ್ಪತ್ರೆಯ ಡಾಕ್ಟರು.
ಆ ಚೀಟಿಯನ್ನು ನಾಲ್ಕು ಮಡಿಕೆ ಮಾಡಿಕೊಂಡು
ಕೌಲ್ ಬಜಾರಿನ ನನ್ನ ಮಾಳಿಗೆ ಕೋಣೆಗೆ
ಹುಲಿಗೆಮ್ಮನನ್ನು ಕರೆತಂದರು,
ಗಂಡ, ಆಮೇಲೆ ಮಗ,
ಒಂದೇ ಮನೆಯಿಂದ ಎರಡು ಬೈಕಿನಲ್ಲಿ.

ಎರ್ರಿಸ್ವಾಮಿಯವರ ಕೈ ಮೊಣಕೈವರೆಗೆ ನೀಲಿ.
ಜೀನ್ಸು ತೊಳೆಯುವ ಘಟಕದಲ್ಲಿ ಇಪ್ಪತ್ತು ವರ್ಷ;
ಉಗುರು ಕತ್ತರಿಸಿದರೆ ಕೆಳಗೆ ಮತ್ತೆ ನೀಲಿ.
ಪಂಪಾಪತಿ ಮೊಬೈಲು ರಿಪೇರಿಯವನು, ತೊಳೆದ ಕೈ.

"ಮೂರು ವಾರ ಆತು ಮೇಡಂ, ಮಾತೇ ನಿಂತೈತೆ,
ಏನಾರ ಮಾಡಿ ಬಾಯಿ ಬಿಡಿಸ್ರಿ."
ಹೇಳುತ್ತಲೇ ಆಕೆಯ ಕಡೆ ತಿರುಗಿದರು:
"ಅವನಿಗೆ ಹೇಳು, ಫ್ಯಾನಿಗೆ ಅಡ್ಡ ಕುಂತಾನ."
ಮಗನೂ ಆಕೆಯನ್ನೇ ನೋಡುತ್ತಾ:
"ಗಾಳಿ ಬೇಕಾದ್ರೆ ಅವರೇ ಈ ಕಡೆ ಬರ್ಲಿ ಅನ್ನು."

ಜೀನ್ಸಿನ ನಾಲ್ಕು ಪದರು ಕೂಡುವಲ್ಲಿ
ಸೂಜಿ ಮುರಿಯುತ್ತದಂತೆ.
ಸೂಜಿ ಮುರಿದರೆ
ಯಾರೂ ಬಟ್ಟೆಯನ್ನು ಬೈಯುವುದಿಲ್ಲ.

ನಾನೂ ಕಡಿಮೆಯವಳಲ್ಲ.
ಮೊದಲ ದಿನ ನನ್ನ ಪ್ರಶ್ನೆಯೆಲ್ಲ ಗಂಡನಿಗೇ:
ನಿದ್ದೆ ಮಾಡ್ತಾರಾ? ಉಣ್ತಾರಾ?
ಆಕೆ ಎದುರಿಗೇ ಇದ್ದರು,
ತನ್ನ ಹಸಿವಿನ ಸುದ್ದಿಯನ್ನು
ಬೇರೆಯವರ ಬಾಯಲ್ಲಿ ಕೇಳಿಸಿಕೊಳ್ಳುತ್ತಾ.
ಆ ರಾತ್ರಿ ನನ್ನ ಮಗಳಿಗೆ ಹೇಳಿದೆ,
"ನಿಮ್ಮಪ್ಪಗೆ ಊಟಕ್ಕೆ ಬಾ ಅನ್ನು."
ಹೇಳಿದ ಮೇಲೆ ಸೌಟು ಕೈಯಲ್ಲೇ ಉಳಿಯಿತು.

ಎರಡನೇ ಸಲ ಕುರ್ಚಿ ಬದಲಿಸಿದೆ.
ಆಕೆಗೆ ಕಿಟಕಿ ಪಕ್ಕದ ಬೆತ್ತದ್ದು,
ಕೋಟೆ ಗುಡ್ಡದ ಬಂಡೆ ಕಾಣುವಂಥದ್ದು.
ಅಪ್ಪ ಮಗ ಎದುರೆದುರು. ನಡುವೆ ನೀರಿನ ತಂಬಿಗೆ.
"ಈವತ್ತು ಹುಲಿಗೆಮ್ಮನವರಿಗೆ ರಜೆ," ಎಂದೆ.
"ಯಾವ ಮಾತೂ ಅವರನ್ನು ಹಾದು ಹೋಗೋದು ಬೇಡ.
ಅವರು ಮಾತಾಡಲೇಬೇಕು ಅಂತಲೂ ಇಲ್ಲ."

ಇಬ್ಬರೂ ನನ್ನನ್ನು ಮೋಸಗಾತಿಯ ಹಾಗೆ ನೋಡಿದರು.
ದುಡ್ಡು ಕಟ್ಟಿದ್ದು ಆಕೆಯ ರಿಪೇರಿಗೆ.

ಕರೆಂಟು ಹೋಯಿತು.
ಏಪ್ರಿಲ್ಲಿನ ಬಳ್ಳಾರಿ, ಮಧ್ಯಾಹ್ನ ಮೂರು;
ಬಂಡೆ ತಾನು ಕುಡಿದ ಬಿಸಿಲನ್ನೆಲ್ಲ
ಕಿಟಕಿಯೊಳಗೆ ಕಾರುತ್ತಿತ್ತು.
ನಾನು ಸುಮ್ಮನಿದ್ದೆ. ಸುಮ್ಮನಿರುವುದೂ ನನ್ನ ಕೆಲಸ;
ಅರ್ಧ ಫೀಸು ಅದಕ್ಕೇ ಎಂದು ಮನೆಯಲ್ಲಿ ನಗುತ್ತಾರೆ.
ಕೆಳಗೆ ಔಷಧಿ ಅಂಗಡಿಯಲ್ಲಿ
ಯಾರೋ ತೆಲುಗಿನಲ್ಲಿ ಚಿಲ್ಲರೆಗೆ ಜಗಳ ತೆಗೆದರು.
ಇರುವೆಯೊಂದು ತಂಬಿಗೆ ಸುತ್ತಿ, ಬಂದ ದಾರಿಯಲ್ಲೇ ಹೋಯಿತು.

"ಕೈ," ಎಂದ ಪಂಪಾಪತಿ. ಯಾರಿಗೆಂದು ಗೊತ್ತಾಗಲಿಲ್ಲ.
"ನನ್ನ ಕೈನೂ ಹಂಗೇ ಆಗ್ತಾವಂತ ಅಂಜಿಕಿ.
ಕೆಲಸ ಒಲ್ಲೆ ಅಂದ್ರೆ
ನಿನ್ನನ್ನ ಒಲ್ಲೆ ಅಂದಂಗಲ್ಲ."

ಎರ್ರಿಸ್ವಾಮಿಯವರು ಕೈಗಳನ್ನು
ತೊಡೆ ಕೆಳಗೆ ಇಟ್ಟುಕೊಂಡರು.
ಬಹಳ ಹೊತ್ತಿನ ಮೇಲೆ:
"ನನಗೆ ಹೇಳಬೇಕಿತ್ತಲೇ."
"ಅವ್ವಗೆ ಹೇಳಿದ್ದೆ."
"ಆಕಿ ಹೇಳ್ಲಿಲ್ಲ."
"ಹೆಂಗ ಹೇಳ್ತಾಳ?"

ಆಗ ಮೂವರೂ ಕಿಟಕಿಯ ಕಡೆ ತಿರುಗಿದೆವು.
ಹುಲಿಗೆಮ್ಮ ನಿದ್ದೆ ಹೋಗಿದ್ದರು,
ಬಾಯಿ ಅರ್ಧ ತೆರೆದು, ಸಣ್ಣಗೆ ಗೊರಕೆ.
ಆ ಗಂಟಲಿನಿಂದ ನಾನು ಕೇಳಿದ ಮೊದಲ ಸದ್ದು.

ಹೊತ್ತು ಮೀರಿತ್ತು.
ಮುಂದಿನವರು ಆಗಲೇ ಮೆಟ್ಟಿಲ ಮೇಲೆ.
"ಎಬ್ಬಿಸ್ಲೇನಪ್ಪಾ?"
"ಬ್ಯಾಡ. ಇರ್ಲಿ."

ಕಾಯುವವರಿಗೆ ಇನ್ನೂ ಸ್ವಲ್ಪ ಕಾಯಿರಿ ಎನ್ನಲು
ನಾನು ಹೊರಗೆ ಬಂದು
ಬಾಗಿಲು ಮುಂದೆ ಮಾಡಿದೆ.